ಒಣಗಿ ಬಿರಿಯುವ ಹುಣಸೆಯನ್ನು ಲೇತಿಗೆ ಹಾಕುವಾಗ

ಎಳೆಗಳು ಹೆಣೆದುಕೊಂಡ ಮರವಾದ್ದರಿಂದ ಮಾಂಸದಂಗಡಿಯ ಮಚ್ಚಿನೇಟಿಗೆ ಹುಣಸೆ ಕೊರಡು ಸುಲಭಕ್ಕೆ ಸೀಳುವುದಿಲ್ಲ. ಒಣಗುವಾಗ ಮಾತ್ರ ತಾನಾಗಿಯೇ ಬಿರಿಯುತ್ತದೆ. ಮರ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಸುಮಾರು ದುಪ್ಪಟ್ಟು. ಸೀಳುಗಳು ತಿರುಳಿನಿಂದಲೇ ಹೊರಡುವುದು ಅದಕ್ಕೇ. ಮರವನ್ನು ಗರಗರ ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ ಲೇತು. ಅದರಲ್ಲಿ ಕಡೆಯುವ 8 ಇಂಚಿನ ಬಟ್ಟಲಿಗೆ ನಾನು ತಿರುಳಿರುವ ತುಂಡು ಬಳಸುವುದಿಲ್ಲ. ತಿರುಳಿನ ಎರಡೂ ಬದಿ ಒಂದೊಂದು ಇಂಚು ಕೊಯ್ದು ಬಿಡುತ್ತೇನೆ. ತುದಿಯಿಂದ 3 ಮಿ.ಮೀ. ಬಿಲ್ಲೆ ಕೊಯ್ದು ಕೈಯಲ್ಲಿ ಬಾಗಿಸಿ ನೋಡುತ್ತೇನೆ. ಗೆರೆ ಹಿಡಿದು ಮುರಿದರೆ ಒಳಗೆ ಇನ್ನೂ ಬಿರುಕಿದೆ, ಮತ್ತೊಂದು ಬಿಲ್ಲೆ ಹೋಗಬೇಕು.

ಕೂದಲೆಳೆಯ ಬಿರುಕು ಕಣ್ಣಿಗೆ ಬೀಳದು. ಮೇಲೆ ಸ್ಪಿರಿಟ್ ಒರೆಸಿದರೆ ಮೈಯೆಲ್ಲ ಆರಿದ ಮೇಲೂ ಬಿರುಕು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಪೋಸ್ಟ್‌ಕಾರ್ಡ್ ತೂರುವಷ್ಟು ಅಗಲವಿದ್ದರೆ, ಅಥವಾ ಅಂಚಿನಿಂದ ತಳದವರೆಗೆ ಹೋಗಿದ್ದರೆ, ಆ ತುಂಡು ಒಲೆಗೆ. ಅಂಟನ್ನು ನಂಬಿ ತಿರುಗಿಸುವ ಧೈರ್ಯ ಬೇಡ.

ಉಳಿದ ಸಣ್ಣ ಬಿರುಕಿನ ಸುತ್ತ ಮೊದಲು ಅರಗಿನ ಸ್ಪಿರಿಟ್ ಪಾಲಿಶ್ ಬಳಿಯುತ್ತೇನೆ, ಇಲ್ಲವಾದರೆ ಅಂಟಿನ ಕಲೆ ಮರದೊಳಗೆ ಇಳಿದು ಕೊನೆಯ ಪಾಲಿಶಿನಲ್ಲಿ ಎದ್ದು ಕಾಣುತ್ತದೆ. ಆಮೇಲೆ ತೆಳು ಫೆವಿಕ್ವಿಕ್, ಹನಿಹನಿಯಾಗಿ, ಬಿರುಕು ಕುಡಿಯುವುದು ನಿಲ್ಲುವ ತನಕ. ಸ್ವಲ್ಪ ಅಗಲದ ಜಾಗಕ್ಕೆ ಅರಾಲ್ಡೈಟಿಗೆ (ಎರಡು ಟ್ಯೂಬಿನದು ಬೆರೆಸುವ ಗಟ್ಟಿ ಅಂಟು) ಅದೇ ಮರದ ನಯವಾದ ಪುಡಿ ಕಲಸಿ ತುಂಬಿ, ಒಂದು ರಾತ್ರಿ ಬಿಡುತ್ತೇನೆ.

ಲೇತಿನಲ್ಲಿ ಮರವನ್ನು ಕಚ್ಚಿ ಹಿಡಿಯುವ ಚಕ್ಕಿನ ದವಡೆ ಹೊರಮುಖವಾಗಿ ಅಗಲಿ ಗುಳಿಯೊಳಗೆ ಹಿಡಿದರೆ ಆಪಿನಂತೆ ಕೆಲಸ ಮಾಡಿ ಬಿರುಕನ್ನು ತೆರೆಯುತ್ತದೆ. ಹಾಗಾಗಿ ತಳದಲ್ಲಿ ಗುಬುಟು ಬಿಟ್ಟು ಹೊರಗಿನಿಂದ ಅಮುಕಿ ಹಿಡಿಯುವುದು. ಸಾಧ್ಯವಿರುವಷ್ಟು ಹೊತ್ತು ಟೇಲ್‌ಸ್ಟಾಕ್, ಅಂದರೆ ಎದುರು ತುದಿಯಿಂದ ಮರಕ್ಕೆ ಆನಿಸುವ ಭಾಗ, ಒತ್ತಿಯೇ ಇರಲಿ.

ಶುರುವಿಗೆ ನಿಮಿಷಕ್ಕೆ 400 ಸುತ್ತು, ದುಂಡಾದ ಮೇಲೂ 800 ದಾಟಿಸುವುದಿಲ್ಲ. 1000ದಲ್ಲಿ 8 ಇಂಚಿನ ಅಂಚು ಗಂಟೆಗೆ 38 ಕಿ.ಮೀ. ವೇಗದಲ್ಲಿರುತ್ತದೆ, ವೇಗ ದುಪ್ಪಟ್ಟಾದರೆ ಚೂರನ್ನು ಹೊರಕ್ಕೆಳೆಯುವ ಬಲ ನಾಲ್ಕು ಪಟ್ಟು. ಮುಖಕ್ಕೆ ಪೂರ್ತಿ ಕವಚ, ನಿಲ್ಲುವುದು ಅಂಚಿನ ನೇರಕ್ಕಲ್ಲ, ಪಕ್ಕಕ್ಕೆ. ಉಳಿ ಆಗಾಗ ಮಸೆದು, ಒಂದೊಂದು ಮಿ.ಮೀ. ಮಾತ್ರ ತೆಗೆಯಬೇಕು. ಟಕ್‌ಟಕ್ ಸದ್ದು ಬಂದ ಕ್ಷಣ ಮೋಟರ್ ಆಫ್, ಮತ್ತೆ ಸ್ಪಿರಿಟ್ ಒರೆಸಿ ನೋಡುವುದು.

ಗೋಡೆ 10 ಮಿ.ಮೀ.ಗೆ ಬಂದ ಮೇಲೆ ಹೆಚ್ಚು ಕೆಡಿಸುವುದು ಉಳಿಯಲ್ಲ, ಸ್ಯಾಂಡ್‌ಪೇಪರಿನ ಬಿಸಿ. ಬೆರಳಿಗೆ ಬೆಚ್ಚಗೆ ತಾಗಿದರೆ ನಿಲ್ಲಿಸಬೇಕು. 120 ನಂಬರಿನ ಒರಟು ಪೇಪರಿನಿಂದ 320ರ ನಯವಾದದ್ದರವರೆಗೆ, ನಿಮಿಷಕ್ಕೆ 300 ಸುತ್ತಿನಲ್ಲಿ, ಹಳೆಯ ಪೇಪರನ್ನು ಒತ್ತಿ ಉಜ್ಜದೆ. ಎಣ್ಣೆ ಹಚ್ಚುವ ಮೊದಲು ಬಟ್ಟಲನ್ನು ಎರಡು ದಿನ ನೆರಳಲ್ಲಿ ಇಡುತ್ತೇನೆ. ಹೊಸ ಗೆರೆ ಬರುವುದಿದ್ದರೆ ಬಹುಪಾಲು ಆಗಲೇ ಬರುತ್ತದೆ, ಎಣ್ಣೆ ಕುಡಿದ ಬಿರುಕಿಗೆ ಅಂಟು ಹಿಡಿಯುವುದಿಲ್ಲ.