ಅಂಕಣಕ್ಕೊಂದು ಲೆಕ್ಕ: ಹಳೆಯ ಮನೆಯ ಮಾಡು ಬಿಚ್ಚಿಸಿ ಹೊದಿಸಿದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಹನ್ನೊಂದು ಅಂಕಣದ (ಎರಡು ತೊಲೆಗಳ ನಡುವಿನ ಭಾಗವೇ ಒಂದು ಅಂಕಣ) ಮನೆಯ ಹೆಂಚಿನ ಮಾಡನ್ನು ಒಟ್ಟು ಗುತ್ತಿಗೆಗೆ ಕೊಡದೆ, ಅಂಕಣದ ಲೆಕ್ಕದಲ್ಲಿ ಬಿಚ್ಚಿಸಿ ಹೊದಿಸಿದೆ. ಇಂಥ ಚಿಲ್ಲರೆ ಲೆಕ್ಕಕ್ಕೆ ಘಟ್ಟದ ಕೆಳಗಿನ ಬಡಗಿಗಳು ಆಗುಂಬೆ ಹತ್ತಿ ಬರುವುದಿಲ್ಲ ಎಂದು ನೆಂಟರೆಲ್ಲ ಹೇಳಿದ್ದರು. ಬಂದರು. ಎರಡು ಮಳೆಗಾಲ ಕಳೆದವು, ಜಗುಲಿಗೆ ಒಂದು ಹನಿ ಬಿದ್ದಿಲ್ಲ.

ಅದಕ್ಕೂ ಮೊದಲು ಸರಿಯಾಗಿ ಪೆಟ್ಟು ತಿಂದಿದ್ದೆ. ಒಬ್ಬ ಗುತ್ತಿಗೆದಾರರು ಸಾಮಾನು ಸಹಿತ ಆರೂವರೆ ಲಕ್ಷಕ್ಕೆ ಒಪ್ಪಿ, ಎರಡು ಲಕ್ಷ ಮುಂಗಡ ಪಡೆದು, ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ಇಡೀ ಮಾಡಿನ ಹೆಂಚು ಇಳಿಸಿದರು. ಆಮೇಲೆ ಬೇರೆ ಕೆಲಸ ಹಿಡಿದು ಹೋದವರು ಫೋನ್ ಎತ್ತಲಿಲ್ಲ. ಮೇ ತಿಂಗಳ ಅಡ್ಡಮಳೆ ಮಣ್ಣಿನ ಗೋಡೆಗೆ ನೇರವಾಗಿ ಹೊಡೆಯಿತು. ಟಾರ್ಪಾಲಿಗೇ ನಲವತ್ತು ಸಾವಿರದಷ್ಟು ಹೋಯಿತು. ದೇವರ ಕೋಣೆಯ ಗೋಡೆ ಉಬ್ಬಿ ನಿಂತದ್ದನ್ನು ನೋಡಿ ಅಮ್ಮ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಮರುವರ್ಷ ಅಡಿಕೆ ಕೊಯ್ಲು ಮುಗಿಯುವವರೆಗೆ ಯಾರನ್ನೂ ಕರೆಯಲಿಲ್ಲ. ಕೊಯ್ಲಿನ ನಡುವೆ ಕೈಯಾಳು ಸಿಗದೆ ಬಡಗಿ ಸುಮ್ಮನೆ ಕುಳಿತರೂ ಕೂಲಿ ನಮ್ಮದೇ. ಫೆಬ್ರುವರಿಯಲ್ಲಿ ಶುರು ಮಾಡಿದೆವು. ಮರ, ಮೊಳೆ, ಹೆಂಚು ನನ್ನದು. ಕೈಕೆಲಸ ಮಾತ್ರ ಬಡಗಿಗಳದು. ಅಂಕಣಕ್ಕೆ ಹದಿನಾಲ್ಕು ಸಾವಿರದ ಆಸುಪಾಸು, ಮುಂಗಡವಾಗಿ ಬಸ್ ಖರ್ಚು ಮತ್ತು ಅಕ್ಕಿ ಮಾತ್ರ. ಒಂದು ಅಂಕಣಕ್ಕೆ ಹೆಂಚು ಹೊದಿಸದೆ ಮುಂದಿನದರ ಪಕಾಸು (ಮಾಡಿನ ಇಳಿಜಾರು ಮರ) ಮುಟ್ಟುವಂತಿಲ್ಲ. ಹೊದಿಸಿ ಮುಗಿದ ಸಂಜೆಯೇ ಪೂರ್ತಿ ಹಣ, ಒಂದು ದಿನವೂ ತಡವಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಅದೇ ಎಂದು ನನಗೆ ಖಾತ್ರಿಯಿದೆ.

ಎರಡನೇ ಅಂಕಣ ಸೋರಿತು. ತಪ್ಪು ನನ್ನದು: ಬೇರೆ ಬೇರೆ ಕಾರ್ಖಾನೆಯ ಹಳೆಯ ಹೆಂಚನ್ನು ಬೆರೆಸಿ ಕೊಟ್ಟಿದ್ದೆ. ಮುದ್ರೆ ಬೇರೆಯಾದರೆ ಹೆಂಚಿನ ಅಂಚಿನ ಗಾಡಿಯೂ (ತೋಡು) ಬೇರೆ, ಒಂದಕ್ಕೊಂದು ಕಚ್ಚುವುದಿಲ್ಲ. ಇನ್ನೂರು ಹೆಂಚು ಇಳಿಸಿ, ಮುದ್ರೆ ನೋಡಿ ವಿಂಗಡಿಸಿ, ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಅಂತರವನ್ನು ಆಯಾ ಹೆಂಚಿಗೆ ಹೊಂದಿಸಿ ಮತ್ತೆ ಹೊಡೆಸಿದೆ. ಆ ಮರುಕೆಲಸಕ್ಕೆ ಬೇರೆಯಾಗಿ ಮೂರು ಸಾವಿರ ಕೊಟ್ಟೆ. ಮನೆಯವರ ತಪ್ಪಿಗೆ ಮೇಸ್ತ್ರಿ ಬಿಟ್ಟಿ ದುಡಿದರೆ ಮುಂದಿನ ಅಂಕಣದಲ್ಲಿ ಅದು ಕಾಣಿಸಿಯೇ ಕಾಣಿಸುತ್ತದೆ.

ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ಅರ್ಧ ಪಕಾಸುಗಳಿಗೆ ಗೇರುಸಿಪ್ಪೆಯ ಎಣ್ಣೆ, ಉಳಿದವಕ್ಕೆ ಹಳೆಯ ಎಂಜಿನ್ ಎಣ್ಣೆ ಹಚ್ಚಿಸಿದೆ. ಎಂಜಿನ್ ಎಣ್ಣೆಯ ಕಡೆ ಒರಲೆ ಆಗಲೇ ಮಣ್ಣು ಮೆತ್ತಿದೆ, ಗೇರೆಣ್ಣೆಯ ಕಡೆ ಸುಳಿದಿಲ್ಲ. ಆದರೆ ಗೇರೆಣ್ಣೆ ಚರ್ಮ ಸುಡುತ್ತದೆ. ಕೈಗವಸಿಲ್ಲದೆ ಹಚ್ಚಿದ ಒಬ್ಬ ಹುಡುಗನ ಕೈ ಬೊಬ್ಬೆ ಎದ್ದು, ನಾಲ್ಕು ದಿನದ ಕೂಲಿ ಮತ್ತು ಔಷಧದ ಖರ್ಚು ನಾನೇ ಕೊಟ್ಟೆ. ಗೇರೆಣ್ಣೆಗೆ ನಾನು ಏನು ಬೆರೆಸಿದೆ ಎಂಬುದನ್ನು ಇನ್ನೊಂದು ಮಳೆಗಾಲ ನೋಡಿಯೇ ಹೇಳುತ್ತೇನೆ.

ಮರವೂ ಸೇರಿ ಒಟ್ಟು ನಾಲ್ಕೂಮುಕ್ಕಾಲು ಲಕ್ಷ ಆಗಿರಬೇಕು. ಹಿಂದಿನ ಮುಂಗಡದಲ್ಲಿ ಐವತ್ತೋ ಅರವತ್ತೋ ಸಾವಿರ ಮಾತ್ರ ವಾಪಸು ಬಂತು. ಕೂಡದು ಎಂದಿದ್ದ ಭಾವ ಈಗ ತಮ್ಮ ಕೊಟ್ಟಿಗೆಯ ನಾಲ್ಕು ಅಂಕಣಕ್ಕೆ ಅದೇ ಬಡಗಿಗಳನ್ನು ಕರೆಸಿಕೊಡು ಎನ್ನುತ್ತಿದ್ದಾರೆ. ಕೊಯ್ಲು ಮುಗಿಯಲಿ ಎಂದಿದ್ದೇನೆ.