ಐವತ್ತು ದಾಟಿದ ಮೇಲೆ ಕೆಲಸ ಹೋಯಿತೇ? ಪಿಂಚಣಿ ಉಳಿಸಿಕೊಳ್ಳುವುದು ಹೀಗೆ

‘ವಯಸ್ಸು 35 ಮೀರಿರಬಾರದು’ ಎಂದು ಖಾಸಗಿ ಕಂಪನಿಯೊಂದು ಜಾಹೀರಾತು ಕೊಟ್ಟರೆ ನಮ್ಮಲ್ಲಿ ಅದನ್ನು ತಡೆಯುವ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದಲ್ಲಿ 40 ದಾಟಿದ ನೌಕರರನ್ನು ವಯಸ್ಸಿನ ಕಾರಣಕ್ಕೆ ಹೊರಗಿಡಬಾರದು ಎಂಬ ಕಾಯ್ದೆ 1967ರಲ್ಲೇ ಬಂತು. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ನೋಡಿ ಭೇದ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ.

ಹೀಗಾಗಿ 52ನೇ ವಯಸ್ಸಿನಲ್ಲಿ ‘ನಾಳೆಯಿಂದ ಬರಬೇಡಿ’ ಎನಿಸಿಕೊಂಡವರ ಕೈಯಲ್ಲಿ ಉಳಿಯುವುದು ಮುಖ್ಯವಾಗಿ ಇಷ್ಟು ವರ್ಷ ದುಡಿದದ್ದರ ಲೆಕ್ಕ. ಪಿಎಫ್ ಜೊತೆಗೇ ಬರುವ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ ಅದರಲ್ಲೊಂದು. ಗಾಬರಿಯಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದೂ ಅದನ್ನೇ.

ಮೊದಲ ಕೆಲಸ: ಏನಕ್ಕೂ ಸಹಿ ಹಾಕಬೇಡಿ, ಅಂದೇ ಅಂತೂ ಬೇಡ. ‘ರಾಜೀನಾಮೆ ಕೊಟ್ಟುಬಿಡಿ ಸಾರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಚೆನ್ನಾಗಿ ಬರುತ್ತೆ’ ಎಂದು ಎಚ್‌ಆರ್‌ನವರು ನಯವಾಗಿ ಹೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ‘ಕಾರ್ಮಿಕ’ ಎನಿಸಿಕೊಳ್ಳುವವರನ್ನು, ಒಂದು ವರ್ಷ ಸತತ ದುಡಿದಿದ್ದರೆ, ತೆಗೆದುಹಾಕುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಸಿಗಬೇಕು. ತಾವಾಗಿಯೇ ರಾಜೀನಾಮೆ ಕೊಟ್ಟವರಿಗೆ ಈ ಪರಿಹಾರ ಇಲ್ಲ. ಮ್ಯಾನೇಜರ್ ಹುದ್ದೆಯಲ್ಲಿದ್ದವರಿಗೆ ಹೇಗೂ ಈ ರಕ್ಷಣೆ ಸಿಗದು, ಅವರು ನೇಮಕಾತಿ ಪತ್ರದಲ್ಲಿ ಏನಿದೆ ಎಂದು ಓದಿಕೊಳ್ಳಲಿ. ಗ್ರಾಚ್ಯುಟಿಯ ಕಥೆ ಬೇರೆ: ಐದು ವರ್ಷ ಸತತ ಸೇವೆಯಾಗಿದ್ದರೆ ರಾಜೀನಾಮೆ ಕೊಟ್ಟರೂ ಅದು ಬರಲೇಬೇಕು.

ಆಮೇಲೆ ಸೇವೆಯ ವರ್ಷಗಳನ್ನು ಎಣಿಸಿ. ಇಪಿಎಸ್ ಪಿಂಚಣಿಗೆ 10 ವರ್ಷ ಬೇಕು; ಆರು ತಿಂಗಳು ಅಥವಾ ಹೆಚ್ಚಿದ್ದರೆ ಪೂರ್ತಿ ವರ್ಷವೆಂದೇ ಎಣಿಸುವುದರಿಂದ ಒಂಬತ್ತೂವರೆ ವರ್ಷ ಆಗಿದ್ದರೂ ಸಾಕು. ಒಂದೇ ಕಂಪನಿಯಲ್ಲಿ ಆಗಿರಬೇಕೆಂದಿಲ್ಲ. ಹಳೆಯ ಕಂಪನಿಗಳ ಖಾತೆಗಳೆಲ್ಲ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿಯಲ್ಲಿ ಸೇರಿವೆಯೇ ಎಂದು ಭವಿಷ್ಯ ನಿಧಿ ಸಂಸ್ಥೆಯ ಪೋರ್ಟಲ್‌ನಲ್ಲಿ ನೋಡಿ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ತುಂಬದೆ ಬಿಟ್ಟಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ನೀವೇ ಆಧಾರ್ ಒಟಿಪಿ ಕೊಟ್ಟು ತುಂಬಬಹುದು. ಆ ದಿನಾಂಕವಿಲ್ಲದೆ ಮುಂದಿನ ಯಾವ ಅರ್ಜಿಯೂ ಕದಲುವುದಿಲ್ಲ.

ಇನ್ನು ಎಡವುವ ಜಾಗ. ಕೆಲಸ ಹೋದವರು ಸೈಬರ್ ಸೆಂಟರ್‌ಗೆ ಹೋಗಿ ‘ಪಿಎಫ್ ತೆಗೆಸಿಕೊಡಪ್ಪ’ ಎಂದರೆ ಅಲ್ಲಿಯ ಹುಡುಗ ನಮೂನೆ 19, ನಮೂನೆ 10ಸಿ ಎರಡನ್ನೂ ಒಟ್ಟಿಗೇ ಹಾಕಿಬಿಡುತ್ತಾನೆ. 19 ಪಿಎಫ್ ದುಡ್ಡಿಗೆ; ತೆಗೆದುಕೊಂಡರೆ ಪಿಂಚಣಿಯ ಹಕ್ಕು ಹೋಗದು. 10ಸಿ ಪಿಂಚಣಿ ಖಾತೆಗೆ ಸಂಬಂಧಿಸಿದ್ದು. ಸೇವೆ 10 ವರ್ಷಕ್ಕಿಂತ ಕಡಿಮೆ ಇದ್ದಾಗ ಅದರಲ್ಲಿ ಹಣ ವಾಪಸ್ ಪಡೆದರೆ ಆ ವರ್ಷಗಳೆಲ್ಲ ಅಳಿಸಿಹೋದಂತೆ, ಮುಂದೆ ಬೇರೆ ಕೆಲಸ ಸಿಕ್ಕರೂ ಎಣಿಕೆ ಮತ್ತೆ ಸೊನ್ನೆಯಿಂದ. ಏಳು ವರ್ಷ ದುಡಿದವರು ಇನ್ನು ಮೂರು ವರ್ಷ ಎಲ್ಲಾದರೂ ದುಡಿದರೆ ಬದುಕಿರುವವರೆಗೂ ಪಿಂಚಣಿ ಬರುತ್ತಿತ್ತು! ಅದೇ 10ಸಿ ನಮೂನೆಯಲ್ಲಿ ‘ಸ್ಕೀಮ್ ಸರ್ಟಿಫಿಕೇಟ್’ ಎಂಬ ಆಯ್ಕೆಯೂ ಇದೆ. ಅದನ್ನು ಪಡೆದರೆ ಸೇವೆ ಉಳಿಯುತ್ತದೆ. ದುಡ್ಡಿಗೆ ತೀರಾ ಅಡಚಣೆ ಇದ್ದರೆ ಪಿಎಫ್ ಮುಟ್ಟಿ, ಪಿಂಚಣಿಯ ಭಾಗ ಮುಟ್ಟಬೇಡಿ.

ಈಗ ಪಿಂಚಣಿ ಯಾವ ವಯಸ್ಸಿನಿಂದ ಬೇಕು ಎಂಬ ಪ್ರಶ್ನೆ. ಪೂರ್ಣ ಪಿಂಚಣಿ 58ಕ್ಕೆ. ಕೆಲಸ ಬಿಟ್ಟು 50 ತುಂಬಿದವರು ಮುಂಚೆಯೇ ಕೇಳಬಹುದು, ಆದರೆ 58ಕ್ಕೆ ಕಡಿಮೆ ಇರುವ ಪ್ರತಿ ವರ್ಷಕ್ಕೂ ಶೇ 4 ಕಡಿತ. ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರ್‌ನಿಂದ ಈ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. ಆ ಮಿತಿಯಲ್ಲಿ 14 ವರ್ಷಕ್ಕೆ ತಿಂಗಳಿಗೆ 3,000 ರೂಪಾಯಿ. (2014ಕ್ಕೆ ಮೊದಲಿನ ಸೇವೆಗೆ 6,500ರ ಹಳೆಯ ಮಿತಿ ಇರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ ಬರುತ್ತದೆ.) 57ಕ್ಕೇ ತೆಗೆದುಕೊಂಡರೆ 2,880. 50ಕ್ಕೇ ತೆಗೆದುಕೊಂಡರೆ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಹಾಗಾಗಿ ಒಮ್ಮೆ ಕಡಿದದ್ದು ಕಡೆತನಕ ಕಡಿದಂತೆಯೇ. 58 ಆದ ಮೇಲೂ ಪಿಂಚಣಿ ಮುಂದೂಡಿದರೆ 60ರವರೆಗೆ ವರ್ಷಕ್ಕೆ ಶೇ 4 ಹೆಚ್ಚುತ್ತದೆ ಎನ್ನುವುದು ಅನೇಕರಿಗೆ ಗೊತ್ತೇ ಇಲ್ಲ. 20 ವರ್ಷ ಸೇವೆ ಇದ್ದು 58 ತುಂಬಿ ನಿವೃತ್ತರಾಗುವವರಿಗೆ ಎರಡು ವರ್ಷ ಸೇರಿಸಿ ಲೆಕ್ಕ ಹಾಕುತ್ತಾರೆ. ಮನೆ ಹೇಗಾದರೂ ನಡೆಯುತ್ತದೆ ಎಂದಾದರೆ ಕಾಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಔಷಧಿಗೂ ಕಷ್ಟ ಎನ್ನುವವರಿಗೆ ಈ ಮಾತು ಅನ್ವಯಿಸದು.

ಅರ್ಜಿ ನಮೂನೆ 10ಡಿ. ಅದಕ್ಕೆ ಮೊದಲು ಹುಟ್ಟಿದ ದಿನಾಂಕ ಸರಿಮಾಡಿಕೊಳ್ಳಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ತಲೆಮಾರು ನಮ್ಮದು. ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು, ಪಿಎಫ್‌ನಲ್ಲಿ ಮತ್ತೊಂದು. ಈ ಪಿಂಚಣಿಯಲ್ಲಿ ಎಲ್ಲವೂ ವಯಸ್ಸಿನ ಮೇಲೆ ನಿಂತಿರುವುದರಿಂದ ತಾಳೆಯಾಗದಿದ್ದರೆ ಅರ್ಜಿ ವಾಪಸ್. ಎಸೆಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಇಟ್ಟುಕೊಂಡು ಜಂಟಿ ಘೋಷಣೆ (ನೀವೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಸಲ್ಲಿಸಿ, ಅದೂ ಕೆಲಸದಲ್ಲಿರುವಾಗಲೇ. ಸೇವಾ ದಾಖಲೆಯ ಹುಟ್ಟಿದ ದಿನ ಬದಲಿಸುವುದನ್ನು ಹಕ್ಕೆಂದು ಕೇಳುವಂತಿಲ್ಲ, ತಡವಾಗಿ ಬಂದರೆ ತಿರಸ್ಕರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಒಂದು ಸರ್ಕಾರಿ ನಿಗಮದ ನೌಕರರ ಪ್ರಕರಣದಲ್ಲಿ.

ಅರ್ಜಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಭವಿಷ್ಯ ನಿಧಿ ಸಂಸ್ಥೆಯ ದೂರು ಪೋರ್ಟಲ್ ಇದೆ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ಕೂಡ ನಡೆಯುತ್ತದೆ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಯುಎಎನ್ ಸಂಖ್ಯೆ, ಅಂಕಪಟ್ಟಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡುತ್ತಿರಬೇಕು. ಇಪಿಎಸ್‌ನವರಿಗೆ ನವೆಂಬರ್‌ನಲ್ಲೇ ಎಂಬ ಕಟ್ಟುಪಾಡಿಲ್ಲ, ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ.