ಡಿಜಿಟಲ್ ಕಾನೂನು ಓದುವುದು ಹೇಗೆ? ಮೊದಲು ದಿನಾಂಕ, ಆಮೇಲೆ ಕೊನೆಯ ಪುಟ

‘ಹೊಸ ಡಿಜಿಟಲ್ ಕಾನೂನು ಬಂತು’ ಎಂದು ಸುದ್ದಿಯಾದಾಗ ಮೊದಲು ಕೇಳಬೇಕಾದದ್ದು, ಬಂದದ್ದು ನೀತಿಯೇ, ಮಸೂದೆಯೇ, ಕಾಯ್ದೆಯೇ ಅಥವಾ ನಿಯಮವೇ ಎಂದು. 2013ರ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ, 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಮುಂತಾದವು ಸರ್ಕಾರ ತನಗೆ ತಾನೇ ಹಾಕಿಕೊಂಡ ಗುರಿಗಳು. ಅವನ್ನು ಮುಂದಿಟ್ಟುಕೊಂಡು ಯಾವ ಕಂಪನಿಗೂ ದಂಡ ವಿಧಿಸಲಾಗದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಹಾಗಲ್ಲ. ಅದು ಸಂಸತ್ತು ಮಾಡಿದ ಕಾನೂನು. ಸಾಮಾಜಿಕ ಜಾಲತಾಣಗಳನ್ನು ನಿಯಂತ್ರಿಸುವ 2021ರ ನಿಯಮಗಳು ಅದೇ ಕಾಯ್ದೆಯ ಬಲದಿಂದ ಬಂದವು. ಮಸೂದೆಗೆ ಇನ್ನೂ ಜೀವ ಬಂದಿರುವುದಿಲ್ಲ. 2019ರಲ್ಲಿ ಲೋಕಸಭೆಗೆ ಬಂದ ವೈಯಕ್ತಿಕ ದತ್ತಾಂಶ ಮಸೂದೆಯನ್ನು 2022ರ ಆಗಸ್ಟ್‌ನಲ್ಲಿ ಸರ್ಕಾರವೇ ಹಿಂಪಡೆಯಿತು.

ಮುಂದಿನ ಕೆಲಸ ಮೂಲ ಪಾಠವನ್ನು ತೆರೆಯುವುದು. ತಿದ್ದುಪಡಿಗಳನ್ನು ಸೇರಿಸಿದ ಕೇಂದ್ರ ಕಾಯ್ದೆಗಳು ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಸಿಗುತ್ತವೆ, ಅಧಿಸೂಚನೆಗಳು ಸರ್ಕಾರಿ ರಾಜ್ಯಪತ್ರದ ತಾಣವಾದ ‘ಇ-ಗೆಜೆಟ್’ನಲ್ಲಿ. ಎರಡಕ್ಕೂ ಶುಲ್ಕವಿಲ್ಲ. ನಿಯಮಗಳ ಕಡತದಲ್ಲಿ ಮೊದಲರ್ಧ ಹಿಂದಿ ಇರುತ್ತದೆ. ಗಾಬರಿಯಾಗದೆ ಕೆಳಗೆ ಸರಿಸಿದರೆ ಇಂಗ್ಲಿಷ್ ಪಾಠ ಸಿಗುತ್ತದೆ. ಅಲ್ಲಿ ಕಾಣುವ ಜಿ.ಎಸ್.ಆರ್. ಸಂಖ್ಯೆ (ಅಧಿಸೂಚನೆಯ ಗುರುತಿನ ಸಂಖ್ಯೆ) ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಮುಂದೆ ಅರ್ಜಿ, ದೂರು ಏನೇ ಬರೆದರೂ ಅವು ಬೇಕಾಗುತ್ತವೆ.

ಇನ್ನು ದಿನಾಂಕದ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಆದರೆ ಅದರ ಸೆಕ್ಷನ್ 1ನ್ನು ಓದಿ ನೋಡಿ: ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನದಿಂದ ಕಾಯ್ದೆ ಜಾರಿಗೆ ಬರುತ್ತದೆ, ಬೇರೆ ಬೇರೆ ಸೆಕ್ಷನ್‌ಗಳಿಗೆ ಬೇರೆ ಬೇರೆ ದಿನ ಗೊತ್ತುಪಡಿಸಬಹುದು ಎಂದಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ದಿನ ಬರಲೇ ಇಲ್ಲ. 2025ರ ನವೆಂಬರ್ ಮಧ್ಯದಲ್ಲಿ ನಿಯಮಗಳು ಪ್ರಕಟವಾದಾಗ, ದೂರು ವಿಚಾರಿಸಿ ದಂಡ ವಿಧಿಸುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಗೆ ಬಂತು. ನಮ್ಮ ಪರವಾಗಿ ಒಪ್ಪಿಗೆ ಕೊಡಲು, ಹಿಂಪಡೆಯಲು ನೆರವಾಗುವ ‘ಒಪ್ಪಿಗೆ ನಿರ್ವಾಹಕ’ರ ನೋಂದಣಿಗೆ ಒಂದು ವರ್ಷದ ಗಡುವು ಸಿಕ್ಕಿತು. ನಮ್ಮ ಒಪ್ಪಿಗೆ ಪಡೆಯುವುದು, ಸೋರಿಕೆಯಾದರೆ ನಮಗೆ ತಿಳಿಸುವುದು, ಕೇಳಿದಾಗ ಅಳಿಸುವುದು ಮುಂತಾದ ಮುಖ್ಯ ಹೊಣೆಗಳಿಗೆ ಕಂಪನಿಗಳಿಗೆ ದೊರೆತದ್ದು 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ ಮಧ್ಯದವರೆಗೆ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಎಂಬ ತಲೆಬರಹಗಳು ನಿಜ, ಆದರೆ ಆ ದಂಡದ ಹಲ್ಲು ಮೊಳೆಯುವುದು ಆ ಗಡುವಿನ ನಂತರ. ಅಲ್ಲಿಯವರೆಗೆ ಸೂಕ್ಷ್ಮ ಮಾಹಿತಿ ಕಾಯುವಲ್ಲಿ ಕಂಪನಿ ಉದಾಸೀನ ಮಾಡಿದರೆ ಪರಿಹಾರ ಕೊಡಿಸುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಳೆಯ 43ಎ ಸೆಕ್ಷನ್ ಮತ್ತು ಅದರಡಿಯ 2011ರ ನಿಯಮಗಳೇ ನಮಗೆ ಆಸರೆ.

ಸೆಕ್ಷನ್ 2ರಲ್ಲಿರುವ ವ್ಯಾಖ್ಯೆಗಳನ್ನು ಒಮ್ಮೆ ಕಣ್ಣಾಡಿಸಿ ಮುಂದೆ ಹೋಗಿ. ‘ಗೊತ್ತುಪಡಿಸಬಹುದಾದ ರೀತಿಯಲ್ಲಿ’ ಎಂಬ ಅರ್ಥದ ಮಾತು ಬಂದಲ್ಲೆಲ್ಲ ಗುರುತು ಹಾಕಿ. ಅಲ್ಲಿ ಕಾಯ್ದೆ ಕೈತೊಳೆದುಕೊಂಡು ವಿವರವನ್ನು ನಿಯಮಗಳಿಗೆ ಬಿಟ್ಟಿದೆ ಎಂದರ್ಥ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕಾದದ್ದು ವಿನಾಯಿತಿಗಳನ್ನು ಮತ್ತು ಕೊನೆಯ ಪುಟಗಳನ್ನು. ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 17, ದೇಶದ ಭದ್ರತೆಯಂತಹ ಕಾರಣಗಳಿಗಾಗಿ ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಕೊನೆಯ ಸೆಕ್ಷನ್ 44 ಬೇರೆ ಕಾಯ್ದೆಗಳ ತಿದ್ದುಪಡಿಗೆ ಮೀಸಲು. ಅದರ ಮೂರನೆಯ ಉಪಸೆಕ್ಷನ್ ಒಂದೆರಡು ಸಾಲಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಿಸಿದೆ. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಿದ್ದರೆ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ನಂಟಿಲ್ಲ, ಇಲ್ಲವೇ ಅದನ್ನು ಕೊಟ್ಟರೆ ವ್ಯಕ್ತಿಯ ಖಾಸಗಿತನಕ್ಕೆ ಅನುಚಿತ ಧಕ್ಕೆಯಾಗುತ್ತದೆ ಎಂದು ಅಧಿಕಾರಿ ತೋರಿಸಬೇಕಿತ್ತು. ಈಗ ಅದು ವೈಯಕ್ತಿಕ ಮಾಹಿತಿ ಎಂಬುದೇ ಸಾಕು. ಈ ಬದಲಾವಣೆಗೆ 18 ತಿಂಗಳ ಗಡುವು ಇರಲಿಲ್ಲ. 2025ರ ನವೆಂಬರ್‌ನಲ್ಲೇ ಜಾರಿಗೆ ಬಂತು. ಜನರ ದತ್ತಾಂಶಕ್ಕೆ ರಕ್ಷಣೆ ಕೊಡುವ ಭಾಗ ಕಾಯುತ್ತಿರುವಾಗ ಜನರ ಪ್ರಶ್ನೆಗೆ ತಡೆ ಹಾಕುವ ಸಾಲು ಮೊದಲೇ ಓಡಿ ಬಂದದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಇನ್ನು ಮುಂದೆ ಸೆಕ್ಷನ್ 8(2)ನ್ನು ಹೆಸರಿಸಿಯೇ ಬರೆಯಬೇಕು. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ ಆ ಮಾತು ಇನ್ನೂ ಉಳಿದಿದೆ.

ನ್ಯಾಯಾಲಯ ಏನು ಹೇಳಿದೆ ಎಂಬುದನ್ನೂ ನೋಡಿ. ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅದಾದ ಮೇಲೂ ಪೊಲೀಸರು ಆ ಸೆಕ್ಷನ್ ಅಡಿ ಪ್ರಕರಣ ದಾಖಲಿಸುತ್ತಲೇ ಇದ್ದುದರಿಂದ, ಅದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಮತ್ತೆ ಆದೇಶಿಸಬೇಕಾಯಿತು. ಮುದ್ರಿತ ಪ್ರತಿಗಳಲ್ಲಿ ಸೆಕ್ಷನ್ ಮೇಲೆ ಇದ್ದು, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಿ ಇರುವುದುಂಟು. ಅಡಿಟಿಪ್ಪಣಿ ಬಿಡಬೇಡಿ.

ಕೊನೆಗೆ ನಿಮಗಾಗಿ ಇರುವುದನ್ನು ಹುಡುಕಿ. ದತ್ತಾಂಶ ಕಾಯ್ದೆಯ ಸೆಕ್ಷನ್ 5 ಮತ್ತು 6ರ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ನಮಗೆ ಇರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಗಡುವು ಮುಗಿದ ಮೇಲೂ ಆ್ಯಪ್ ಕನ್ನಡದಲ್ಲಿ ಕೊಡದಿದ್ದರೆ ಸೆಕ್ಷನ್ ಸಂಖ್ಯೆ ನಮೂದಿಸಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಪ್ರತಿಯನ್ನು ಇಟ್ಟುಕೊಳ್ಳಿ. ಆ ಹಂತ ದಾಟದೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ನೇರವಾಗಿ ಹೋಗಲು ಸೆಕ್ಷನ್ 13 ಬಿಡುವುದಿಲ್ಲ.